ಕಲೆಯನ್ನು ದಾನಕ್ಕೆ ವಿನಿಯೋಗಿಸಿದ ಸಂಗೀತಗಾರ: ಜಾರ್ಜ್ ಫ್ರೆಡರಿಕ್ ಹ್ಯಾಂಡೆಲ್ (1685–1759)

ಪೀಠಿಕೆ

ದಾನವೆಂದರೆ ಹಣ, ಧಾನ್ಯ, ಭೂಮಿ ಅಥವಾ ವಸ್ತ್ರವನ್ನು ನೀಡುವುದು ಎಂಬುದು ಸಾಮಾನ್ಯ ತಿಳುವಳಿಕೆಯಾಗಿದೆ. ಆದರೆ ತಾನು ಸೃಷ್ಟಿಸಿದ ಕಲಾಕೃತಿಯನ್ನು ಜನರ ಮುಂದಿಟ್ಟು, ಅದಕ್ಕೆ ಪ್ರತಿಯಾಗಿ ತನಗೆ ಸಲ್ಲಬೇಕಾದ ಸಂಭಾವನೆಯನ್ನು ದೀನರಿಗೆ ಸಲ್ಲಿಸುವಂತೆ ಕೋರಿದ ಕಲಾವಿದರೂ ಚರಿತ್ರೆಯಲ್ಲಿ ಇದ್ದಾರೆ. ಅಂತಹವರಲ್ಲಿ 18ನೇ ಶತಮಾನದ ಸಂಗೀತ ಸಂಯೋಜಕ ಜಾರ್ಜ್ ಫ್ರೆಡರಿಕ್ ಹ್ಯಾಂಡೆಲ್‌ರವರು ಪ್ರಮುಖರು. ಜರ್ಮನಿಯಲ್ಲಿ ಜನಿಸಿ ಇಂಗ್ಲೆಂಡಿನಲ್ಲಿ ನೆಲೆಸಿದ ಇವರು ತಮ್ಮ ಅತ್ಯಂತ ಪ್ರಸಿದ್ಧ ಕೃತಿಯಾದ ‘ಮೆಸ್ಸಾಯ’ದ ಮೂಲಕ ಸಾಲಗಾರ ಕೈದಿಗಳ ಬಿಡುಗಡೆಗೆ, ಬಡರೋಗಿಗಳ ಚಿಕಿತ್ಸೆಗೆ ಹಾಗೂ ತ್ಯಜಿಸಲ್ಪಟ್ಟ ಶಿಶುಗಳ ಪಾಲನೆಗೆ ಹಣ ಒದಗಿಸಿದರು. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಹ್ಯಾಂಡೆಲ್‌ರವರು 1685ರ ಫೆಬ್ರವರಿ 23ರಂದು ಜರ್ಮನಿಯ ಹಾಲೆ ಪಟ್ಟಣದಲ್ಲಿ ಜನಿಸಿದರು. ತಂದೆ ಗೇಯೋರ್ಗ್ ಹ್ಯಾಂಡೆಲ್‌ರವರು ಶಸ್ತ್ರವೈದ್ಯ ವೃತ್ತಿಯವರಾಗಿದ್ದರು. ತಾಯಿ ಡೊರೊಥಿಯ. ಮಗನು ಜನಿಸಿದಾಗ ತಂದೆಗೆ 60 ವರ್ಷ ಮೀರಿತ್ತು. ಸಂಗೀತದಿಂದ ಹೊಟ್ಟೆ ತುಂಬುವುದಿಲ್ಲವೆಂಬುದು ಅವರ ದೃಢ ಅಭಿಪ್ರಾಯವಾಗಿತ್ತು. ಮಗನು ಕಾನೂನು ವ್ಯಾಸಂಗ ಮಾಡಿ ಗೌರವಯುತ ಉದ್ಯೋಗ ಹಿಡಿಯಬೇಕೆಂಬುದು ಅವರ ಇಚ್ಛೆಯಾಗಿತ್ತು. ಬಾಲಕನು ಸಮೀಪದ ವೈಸನ್‌ಫೆಲ್ಸ್‌ನ ಅರಮನೆಯಲ್ಲಿ ಆರ್ಗನ್ ವಾದ್ಯವನ್ನು ನುಡಿಸಿದುದನ್ನು ಕೇಳಿದ ಅಲ್ಲಿನ ಪ್ರಭುವು ತಂದೆಯ ಮನವೊಲಿಸಿದನೆಂದು ಹ್ಯಾಂಡೆಲ್‌ರವರ ಮೊದಲ ಜೀವನಚರಿತ್ರೆಯಲ್ಲಿ ಹೇಳಲಾಗಿದೆ. ತರುವಾಯ ಹಾಲೆಯ ಸಂಗೀತಗಾರ ಸಖಾವ್‌ರವರಲ್ಲಿ ಶಿಕ್ಷಣ ದೊರೆಯಿತು.

1697ರಲ್ಲಿ, ಮಗನಿಗೆ ಇನ್ನೂ 12 ವರ್ಷ ತುಂಬುವ ಮೊದಲೇ, ತಂದೆ ನಿಧನ ಹೊಂದಿದರು. ಆದಾಗ್ಯೂ 1702ರಲ್ಲಿ ಹ್ಯಾಂಡೆಲ್‌ರವರು ಹಾಲೆ ವಿಶ್ವವಿದ್ಯಾಲಯಕ್ಕೆ ಸೇರಿದರು. ಅದೇ ವರ್ಷ ಅಲ್ಲಿನ ಚರ್ಚೊಂದರಲ್ಲಿ ಒಂದು ವರ್ಷದ ಅವಧಿಗೆ ಆರ್ಗನ್ ವಾದಕರಾಗಿ ನೇಮಕಗೊಂಡರು. ಆ ಕಾಲದಲ್ಲಿ ಹಾಲೆ ಪಟ್ಟಣವು ಫ್ರಾಂಕೆ ಎಂಬ ಧರ್ಮಗುರುಗಳು ಸ್ಥಾಪಿಸಿದ ದೊಡ್ಡ ಅನಾಥಾಲಯ ಹಾಗೂ ಬಡಮಕ್ಕಳ ಶಾಲೆಗಳಿಗೆ ಹೆಸರಾಗಿತ್ತು. ಹ್ಯಾಂಡೆಲ್‌ರವರ ಬಾಲ್ಯ ಮತ್ತು ಯೌವನದ ವರ್ಷಗಳಲ್ಲಿಯೇ ಸದರಿ ಸಂಸ್ಥೆಯು ಬೆಳೆದು ನಿಂತಿತು.

ವೃತ್ತಿಜೀವನದ ಆರಂಭ

1703ರಲ್ಲಿ ಹ್ಯಾಂಡೆಲ್‌ರವರು ಹ್ಯಾಂಬರ್ಗ್ ನಗರಕ್ಕೆ ತೆರಳಿ ಅಲ್ಲಿನ ರಂಗಮಂದಿರದ ವಾದ್ಯವೃಂದದಲ್ಲಿ ಸೇರಿದರು. 1705ರಲ್ಲಿ ಅವರ ಮೊದಲ ಆಪೆರಾ, ಅಂದರೆ ಸಂಪೂರ್ಣವಾಗಿ ಹಾಡಿನ ಮೂಲಕವೇ ನಡೆಯುವ ಸಂಗೀತ ನಾಟಕ, ಪ್ರದರ್ಶನಗೊಂಡಿತು. 1706ರಿಂದ 1710ರವರೆಗೆ ಇಟಲಿಯಲ್ಲಿದ್ದು ಅಲ್ಲಿನ ಸಂಗೀತ ಶೈಲಿಯನ್ನು ಕರಗತ ಮಾಡಿಕೊಂಡರು. 1710ರಲ್ಲಿ ಹ್ಯಾನೋವರ್ ಸಂಸ್ಥಾನದ ಆಸ್ಥಾನ ಸಂಗೀತ ಮುಖ್ಯಸ್ಥರಾಗಿ ನೇಮಕಗೊಂಡು, ಅದೇ ವರ್ಷ ಅನುಮತಿ ಪಡೆದು ಲಂಡನ್ನಿಗೆ ಪ್ರಯಾಣ ಬೆಳೆಸಿದರು. 1711ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿತವಾದ ‘ರಿನಾಲ್ಡೊ’ ಎಂಬ ಆಪೆರಾ ಅಪಾರ ಯಶಸ್ಸು ಗಳಿಸಿತು. ಮುಂದೆ ಅವರು ಲಂಡನ್ನಿನಲ್ಲಿಯೇ ನೆಲೆಸಿದರು. 1714ರಲ್ಲಿ ಹ್ಯಾನೋವರಿನ ಅದೇ ಪ್ರಭುವು ಒಂದನೇ ಜಾರ್ಜ್ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನೇರಿದನು.

ರಾಣಿ ಆ್ಯನ್ ಮಂಜೂರು ಮಾಡಿದ್ದ ವಾರ್ಷಿಕ 200 ಪೌಂಡುಗಳ ವೇತನವನ್ನು ಹೊಸ ದೊರೆಯು ಇಮ್ಮಡಿಗೊಳಿಸಿದನು. ರಾಜಕುಮಾರಿಯರಿಗೆ ಸಂಗೀತ ಕಲಿಸುವ ಹೊಣೆಗಾಗಿ ಮತ್ತೆ 200 ಪೌಂಡು ಸೇರಿ ಅವರಿಗೆ ವರ್ಷಕ್ಕೆ 600 ಪೌಂಡುಗಳ ಸ್ಥಿರ ವರಮಾನ ಒದಗಿತು. 1723ರಲ್ಲಿ ಲಂಡನ್ನಿನ ಬ್ರೂಕ್ ಬೀದಿಯ ಮನೆಯೊಂದನ್ನು ಬಾಡಿಗೆಗೆ ಪಡೆದು ಜೀವನದ ಕೊನೆಯವರೆಗೂ ಅಲ್ಲಿಯೇ ವಾಸಿಸಿದರು. 1727ರಲ್ಲಿ ಸಂಸತ್ತಿನ ಅಧಿನಿಯಮದ ಮೂಲಕ ಅವರಿಗೆ ಬ್ರಿಟಿಷ್ ಪೌರತ್ವ ದೊರೆಯಿತು. ಅವರು ವಿವಾಹವಾಗಲಿಲ್ಲ.

ಭಾರತಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿ ಉಲ್ಲೇಖಿಸಬಹುದು. 1731ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡ ಅವರ ‘ಪೋರೊ’ ಎಂಬ ಆಪೆರಾ ಅಲೆಕ್ಸಾಂಡರನನ್ನು ಎದುರಿಸಿದ ಪುರು ರಾಜನ ಕಥೆಯನ್ನು ಆಧರಿಸಿದೆ.

ನಷ್ಟ, ಅನಾರೋಗ್ಯ ಮತ್ತು ಹೊಸ ದಾರಿ

ಆಪೆರಾ ವ್ಯವಹಾರವು ಬಹಳ ವೆಚ್ಚದಾಯಕವಾಗಿತ್ತು. ಇಟಲಿಯಿಂದ ಕರೆಸಿದ ಗಾಯಕರ ಸಂಭಾವನೆ, ರಂಗಸಜ್ಜಿಕೆ ಹಾಗೂ ವಸ್ತ್ರಾಲಂಕಾರಗಳ ಖರ್ಚು ಟಿಕೆಟ್ ಮಾರಾಟದ ಆದಾಯವನ್ನು ಮೀರುತ್ತಿತ್ತು. ಷೇರು ಬಂಡವಾಳದಿಂದ 1719ರಲ್ಲಿ ಸ್ಥಾಪನೆಯಾಗಿದ್ದ ಆಪೆರಾ ಸಂಸ್ಥೆಯು 1728ರಲ್ಲಿ ಮುಚ್ಚಿತು. 1733ರಲ್ಲಿ ಕೆಲವು ಶ್ರೀಮಂತರು ಪ್ರತಿಸ್ಪರ್ಧಿ ಸಂಸ್ಥೆಯೊಂದನ್ನು ಕಟ್ಟಿದ್ದರಿಂದ ಎರಡೂ ಕಡೆ ನಷ್ಟ ಹೆಚ್ಚಿತು. 1737ರಲ್ಲಿ ಹ್ಯಾಂಡೆಲ್‌ರವರಿಗೆ ಪಾರ್ಶ್ವವಾಯುವಿನಂತಹ ಕಾಯಿಲೆ ತಗುಲಿ ಬಲಗೈ ನಿಷ್ಕ್ರಿಯವಾಯಿತು. ಜರ್ಮನಿಯ ಆಖೆನ್ ಪಟ್ಟಣದ ಬಿಸಿನೀರಿನ ಬುಗ್ಗೆಗಳಲ್ಲಿ ಚಿಕಿತ್ಸೆ ಪಡೆದು ಅವರು ಚೇತರಿಸಿಕೊಂಡರು.

ಇದೇ ಅವಧಿಯಲ್ಲಿ, 1738ರಲ್ಲಿ, ಕಷ್ಟಕ್ಕೀಡಾದ ಸಂಗೀತಗಾರರು ಮತ್ತು ಅವರ ಕುಟುಂಬಗಳ ನೆರವಿಗಾಗಿ ಲಂಡನ್ನಿನಲ್ಲಿ ಒಂದು ನಿಧಿಯನ್ನು ಸ್ಥಾಪಿಸಲಾಯಿತು. ಮೃತ ಸಂಗೀತಗಾರನೊಬ್ಬನ ಮಕ್ಕಳು ಬೀದಿಯಲ್ಲಿ ಕತ್ತೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದುದನ್ನು ಅವನ ಸಹೋದ್ಯೋಗಿಗಳು ಕಂಡುದೇ ಇದಕ್ಕೆ ಪ್ರೇರಣೆಯೆಂದು ಹೇಳಲಾಗುತ್ತದೆ. ಹ್ಯಾಂಡೆಲ್‌ರವರು ಸದರಿ ನಿಧಿಯ ಆರಂಭದ ಸದಸ್ಯರಲ್ಲೊಬ್ಬರಾಗಿದ್ದು, 1739ರಲ್ಲಿ ಅದರ ಸಹಾಯಾರ್ಥ ತಮ್ಮ ಕೃತಿಯೊಂದನ್ನು ಪ್ರದರ್ಶಿಸಿದರು. ತಮ್ಮ ಕೈಗೇ ಎರಡು ವರ್ಷಗಳ ಹಿಂದೆ ಸ್ವಾಧೀನ ತಪ್ಪಿದ್ದ ಅವರಿಗೆ, ಕೈ ನಿಂತರೆ ಸಂಗೀತಗಾರನ ಮನೆಯ ಸ್ಥಿತಿ ಏನಾಗುವುದೆಂಬುದನ್ನು ಬೇರೆಯವರು ತಿಳಿಸಬೇಕಾಗಿರಲಿಲ್ಲ.

ಆಪೆರಾದಿಂದ ಹಿಂದೆ ಸರಿದ ಅವರು ಒರಟೋರಿಯೊ ಎಂಬ ಪ್ರಕಾರದತ್ತ ಗಮನ ಹರಿಸಿದರು. ವೇಷಭೂಷಣ ಮತ್ತು ಅಭಿನಯಗಳಿಲ್ಲದೆ, ಗಾಯಕರು ಹಾಗೂ ವಾದ್ಯವೃಂದ ಸೇರಿ ಒಂದು ವಸ್ತುವನ್ನು ಹಾಡಿನಲ್ಲಿ ನಿರೂಪಿಸುವುದೇ ಒರಟೋರಿಯೊ. ಸಾಹಿತ್ಯವು ಇಂಗ್ಲಿಷಿನಲ್ಲಿಯೇ ಇದ್ದುದರಿಂದ ಜನರಿಗೆ ಅರ್ಥವಾಗುತ್ತಿತ್ತು ಮತ್ತು ಖರ್ಚು ಕಡಿಮೆಯಾಗಿತ್ತು.

ಡಬ್ಲಿನ್ ನಗರದಲ್ಲಿ ‘ಮೆಸ್ಸಾಯ’ (1742)

ಚಾರ್ಲ್ಸ್ ಜೆನೆನ್ಸ್‌ರವರು ಬೈಬಲ್ಲಿನಿಂದ ಆಯ್ದು ಜೋಡಿಸಿಕೊಟ್ಟ ಸಾಹಿತ್ಯಕ್ಕೆ ಹ್ಯಾಂಡೆಲ್‌ರವರು 1741ರ ಆಗಸ್ಟ್ 22ರಿಂದ ಸೆಪ್ಟೆಂಬರ್ 14ರವರೆಗೆ, ಕೇವಲ 24 ದಿನಗಳಲ್ಲಿ, ಸಂಗೀತ ಸಂಯೋಜಿಸಿದರು. ಇದೇ ‘ಮೆಸ್ಸಾಯ’. ಐರ್ಲೆಂಡಿನ ರಾಜಪ್ರತಿನಿಧಿಯಾಗಿದ್ದ ಡೆವನ್‌ಶೈರ್ ಪ್ರಭುವಿನ ಆಹ್ವಾನದ ಮೇರೆಗೆ 1741ರ ನವೆಂಬರಿನಲ್ಲಿ ಅವರು ಡಬ್ಲಿನ್ ನಗರವನ್ನು ತಲುಪಿದರು.

ಡಬ್ಲಿನ್ನಿನ ಫಿಶಾಂಬಲ್ ಬೀದಿಯ ಸಂಗೀತ ಸಭಾಂಗಣವು ಆ ವರ್ಷವೇ ಪ್ರಾರಂಭವಾಗಿತ್ತು. ಅದನ್ನು ಕಟ್ಟಿಸಿದ ಸಂಗೀತ ಸಂಘದ ಉದ್ದೇಶ ಸಾಲದ ಕಾರಣ ಸೆರೆಮನೆ ಸೇರಿದವರನ್ನು ಬಿಡಿಸುವುದಾಗಿತ್ತು. ಆ ಕಾಲದ ಕಾನೂನಿನಂತೆ ಸಾಲ ತೀರಿಸಲಾಗದವನನ್ನು ಸಾಲ ಕೊಟ್ಟವನು ಸೆರೆಮನೆಗೆ ಹಾಕಿಸಬಹುದಾಗಿತ್ತು. ಒಳಗಿರುವಷ್ಟು ದಿನ ದುಡಿಮೆ ಇಲ್ಲ, ದುಡಿಮೆ ಇಲ್ಲದ್ದರಿಂದ ಸಾಲ ತೀರುವುದಿಲ್ಲ, ಸಾಲ ತೀರದ್ದರಿಂದ ಬಿಡುಗಡೆ ಇಲ್ಲ. ಇದಲ್ಲದೆ ಸೆರೆಮನೆಯ ಶುಲ್ಕವನ್ನೂ ಕೈದಿಯೇ ಭರಿಸಬೇಕಾಗಿತ್ತು. ಹೀಗಾಗಿ ಅತ್ಯಲ್ಪ ಮೊತ್ತದ ಸಾಲಕ್ಕಾಗಿಯೂ ಜನರು ವರ್ಷಗಟ್ಟಲೆ ಬಂಧನದಲ್ಲಿ ಉಳಿಯುತ್ತಿದ್ದರು.

‘ಮೆಸ್ಸಾಯ’ದ ಮೊದಲ ಪ್ರದರ್ಶನದಿಂದ ಬರುವ ಹಣವನ್ನು ಮೂರು ಉದ್ದೇಶಗಳಿಗೆ ಸಮನಾಗಿ ಹಂಚುವುದೆಂದು ಮುಂಚಿತವಾಗಿಯೇ ಪ್ರಕಟಿಸಲಾಯಿತು. ಅವುಗಳೆಂದರೆ:

1. ಸಾಲಗಾರ ಕೈದಿಗಳ ಬಿಡುಗಡೆ
2. ಮರ್ಸರ್ ಆಸ್ಪತ್ರೆ
3. ಬಡರೋಗಿಗಳಿಗಾಗಿ ಇದ್ದ ಧರ್ಮಾರ್ಥ ಚಿಕಿತ್ಸಾಲಯ

ಪ್ರದರ್ಶನಕ್ಕೆ ನಗರದ ಎರಡು ಪ್ರಧಾನ ಚರ್ಚುಗಳ ಗಾಯಕರ ಅವಶ್ಯಕತೆ ಇತ್ತು. ಅವುಗಳಲ್ಲೊಂದರ ಮುಖ್ಯಸ್ಥರಾಗಿದ್ದ ಪ್ರಸಿದ್ಧ ಲೇಖಕ ಜೊನಾಥನ್ ಸ್ವಿಫ್ಟ್‌ರವರು, ತಮ್ಮ ಚರ್ಚಿನ ಗಾಯಕರು ಸಾರ್ವಜನಿಕ ಸಭಾಂಗಣದಲ್ಲಿ ಹಾಡುವುದನ್ನು ಆ ವರ್ಷದ ಆರಂಭದಲ್ಲಿ ನಿರ್ಬಂಧಿಸಿದ್ದರು. ಕೊನೆಗೆ ಗಾಯಕರು ಭಾಗವಹಿಸಲು ಸಾಧ್ಯವಾಯಿತು. ಹೆಚ್ಚು ಜನರಿಗೆ ಸ್ಥಳಾವಕಾಶ ದೊರೆತು ಹೆಚ್ಚು ಹಣ ಸಂಗ್ರಹವಾಗಲೆಂಬ ಕಾರಣದಿಂದ, ಮಹಿಳೆಯರು ಬಳೆಕಟ್ಟಿನ ಅಗಲ ಲಂಗಗಳನ್ನು ಧರಿಸದೆಯೂ ಪುರುಷರು ಸೊಂಟದ ಖಡ್ಗವನ್ನು ಬಿಟ್ಟೂ ಬರಬೇಕೆಂದು ಪತ್ರಿಕೆಗಳಲ್ಲಿ ವಿನಂತಿಸಲಾಯಿತು. ಇದರ ಫಲವಾಗಿ 600 ಜನರ ಸಭಾಂಗಣದಲ್ಲಿ ಸುಮಾರು 700 ಜನರು ಕುಳಿತರು.

1742ರ ಏಪ್ರಿಲ್ 13ರಂದು ಪ್ರದರ್ಶನ ನಡೆಯಿತು. ಸುಮಾರು 400 ಪೌಂಡುಗಳು ಸಂಗ್ರಹವಾಗಿ ಪ್ರತಿಯೊಂದು ಉದ್ದೇಶಕ್ಕೂ ಸುಮಾರು 127 ಪೌಂಡುಗಳು ದೊರೆತವು. ಹ್ಯಾಂಡೆಲ್‌ರವರಾಗಲಿ ಪ್ರಮುಖ ಗಾಯಕರಾಗಲಿ ಅದರಲ್ಲಿ ಪಾಲು ಪಡೆಯಲಿಲ್ಲ. ಕೈದಿಗಳ ಪಾಲಿನ ಮೊತ್ತದಿಂದ 142 ಜನರ ಸಾಲ ತೀರಿಸಿ ಅವರನ್ನು ಬಿಡುಗಡೆಗೊಳಿಸಲಾಯಿತು. ಲೆಕ್ಕ ಹಾಕಿದಲ್ಲಿ, ಒಬ್ಬೊಬ್ಬರ ಸೆರೆವಾಸಕ್ಕೆ ಕಾರಣವಾಗಿದ್ದ ಬಾಕಿಯು ಸರಾಸರಿ ಒಂದು ಪೌಂಡಿಗಿಂತಲೂ ಕಡಿಮೆ ಇತ್ತೆಂಬುದು ತಿಳಿದುಬರುತ್ತದೆ.

ಲಂಡನ್ನಿನಲ್ಲಿ ವಿರೋಧ

1743ರ ಮಾರ್ಚ್ 23ರಂದು ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ‘ಮೆಸ್ಸಾಯ’ ಪ್ರದರ್ಶನವಾದಾಗ ಡಬ್ಲಿನ್ನಿನ ಸ್ವಾಗತ ದೊರೆಯಲಿಲ್ಲ. ಪವಿತ್ರ ಗ್ರಂಥದ ವಚನಗಳನ್ನು ನಾಟಕ ಮಂದಿರದಲ್ಲಿ, ನಟ ನಟಿಯರ ಬಾಯಿಂದ ಹಾಡಿಸುವುದು ಸರಿಯಲ್ಲವೆಂದು ಹಲವರು ಆಕ್ಷೇಪಿಸಿದರು. ಕೆಲವು ಪ್ರದರ್ಶನಗಳ ನಂತರ ಕೃತಿಯು ಬಹುಮಟ್ಟಿಗೆ ಬದಿಗೆ ಸರಿಯಿತು. ಇದಾದ ಏಳು ವರ್ಷಗಳ ಬಳಿಕ ಕೃತಿಗೆ ಲಂಡನ್ನಿನಲ್ಲಿ ಮರುಜೀವ ದೊರೆತುದು ಒಂದು ಶಿಶುಪಾಲನಾ ಸಂಸ್ಥೆಯ ಮೂಲಕ.

ಫೌಂಡ್ಲಿಂಗ್ ಆಸ್ಪತ್ರೆಯ ಸ್ಥಾಪನೆ

ಥಾಮಸ್ ಕೋರಂ ಎಂಬುವವರು ಹಡಗು ನಿರ್ಮಾಣ ಹಾಗೂ ಸಮುದ್ರ ವ್ಯಾಪಾರದಲ್ಲಿ ತೊಡಗಿದ್ದು ನಿವೃತ್ತರಾಗಿ ಲಂಡನ್ನಿನ ಬಳಿ ವಾಸವಾಗಿದ್ದರು. ನಗರಕ್ಕೆ ಹೋಗಿ ಬರುವ ದಾರಿಯಲ್ಲಿ ತ್ಯಜಿಸಲ್ಪಟ್ಟ ಶಿಶುಗಳನ್ನು, ಕೆಲವೊಮ್ಮೆ ಮೃತ ಶಿಶುಗಳನ್ನು, ಕಂಡು ಅವರು ಮರುಗಿದರು. ಬಡತನ ಹಾಗೂ ಅವಿವಾಹಿತ ತಾಯಂದಿರ ಮೇಲಿದ್ದ ಸಾಮಾಜಿಕ ಕಳಂಕ ಇದಕ್ಕೆ ಕಾರಣಗಳಾಗಿದ್ದವು. ಇಂತಹ ಮಕ್ಕಳಿಗೆ ಆಶ್ರಯಧಾಮ ಸ್ಥಾಪಿಸಲು ಕೋರಂರವರು 17 ವರ್ಷಗಳ ಕಾಲ ಮನವಿ ಪತ್ರಗಳನ್ನು ಹಿಡಿದು ಮನೆಮನೆಗೆ ಅಲೆದರು. ಅನೈತಿಕತೆಗೆ ಇದರಿಂದ ಪ್ರೋತ್ಸಾಹ ದೊರೆಯುವುದೆಂದು ಹಲವರು ಅವರನ್ನು ಹಿಂದಕ್ಕೆ ಕಳುಹಿಸಿದರು. ಕುಲೀನ ಮನೆತನಗಳ 21 ಮಹಿಳೆಯರು ಮನವಿಗೆ ಸಹಿ ಮಾಡಿದ ನಂತರ ಪರಿಸ್ಥಿತಿ ಬದಲಾಯಿತು. 1739ರ ಅಕ್ಟೋಬರ್ 17ರಂದು ರಾಜಾಜ್ಞೆ ಲಭಿಸಿತು. 1741ರ ಮಾರ್ಚ್ 25ರಂದು ಮೊದಲ ಶಿಶುಗಳನ್ನು ಸ್ವೀಕರಿಸಲಾಯಿತು.

ಆಸ್ಪತ್ರೆ ಎಂದು ಹೆಸರಿದ್ದರೂ ಇದು ವಾಸ್ತವವಾಗಿ ಮಕ್ಕಳ ಆಶ್ರಯಧಾಮವಾಗಿತ್ತು. ಬರುವ ತಾಯಂದಿರ ಸಂಖ್ಯೆ ಇರುವ ಸ್ಥಳಗಳಿಗಿಂತ ಬಹಳ ಹೆಚ್ಚಾಗಿದ್ದುದರಿಂದ 1742ರಿಂದ ಚೀಲದೊಳಗಿನ ಬಣ್ಣದ ಚೆಂಡನ್ನು ಎತ್ತುವ ಪದ್ಧತಿಯನ್ನು ಜಾರಿಗೆ ತರಲಾಯಿತು. ಬಿಳಿಯ ಚೆಂಡು ಬಂದಲ್ಲಿ, ಶಿಶುವು ಆರೋಗ್ಯವಾಗಿದ್ದರೆ, ಪ್ರವೇಶ ನೀಡಲಾಗುತ್ತಿತ್ತು. ಕೆಂಪು ಬಂದಲ್ಲಿ ಕಾಯುವ ಪಟ್ಟಿಗೆ ಸೇರಿಸಲಾಗುತ್ತಿತ್ತು. ಕಪ್ಪು ಬಂದಲ್ಲಿ ತಾಯಿಯು ಮಗುವಿನೊಂದಿಗೆ ಹಿಂತಿರುಗಬೇಕಾಗಿತ್ತು. ಪ್ರವೇಶ ದೊರೆತ ಮಗುವಿಗೆ ಹೊಸ ಹೆಸರನ್ನಿಡಲಾಗುತ್ತಿತ್ತು. ಮುಂದೊಂದು ದಿನ ಮಗುವನ್ನು ಮರಳಿ ಪಡೆಯಲು ಅನುಕೂಲವಾಗುವಂತೆ ತಾಯಂದಿರು ಬಟ್ಟೆಯ ತುಂಡು, ನಾಣ್ಯ ಮುಂತಾದ ಗುರುತುಗಳನ್ನು ಬಿಟ್ಟುಹೋಗುತ್ತಿದ್ದರು. ಮರಳಿ ಬಂದು ಮಗುವನ್ನು ಪಡೆದವರು ಅತಿ ವಿರಳ.

ಸಂಸ್ಥೆಯ ನೆರವಿಗೆ ಕಲಾವಿದರು ಮೊದಲಿನಿಂದಲೂ ನಿಂತರು. ಚಿತ್ರಕಾರ ವಿಲಿಯಂ ಹೊಗಾರ್ತ್‌ರವರು ತಾವು 1740ರಲ್ಲಿ ರಚಿಸಿದ ಕೋರಂರವರ ಭಾವಚಿತ್ರವನ್ನು ದಾನ ನೀಡಿ, ಇತರ ಚಿತ್ರಕಾರರೂ ತಮ್ಮ ಕೃತಿಗಳನ್ನು ನೀಡುವಂತೆ ಮಾಡಿದರು. ಚಿತ್ರ ನೋಡಲು ಬಂದ ಸ್ಥಿತಿವಂತರು ಮಕ್ಕಳನ್ನೂ ನೋಡಿ ದೇಣಿಗೆ ನೀಡುತ್ತಿದ್ದರು. ಕಲಾವಿದರಿಗೂ ತಮ್ಮ ಕೃತಿಗಳನ್ನು ಜನರಿಗೆ ತೋರಿಸಲು ಒಂದು ಸ್ಥಳ ದೊರೆಯಿತು.

ಹ್ಯಾಂಡೆಲ್‌ರವರ ಕೊಡುಗೆ

1749ರ ವೇಳೆಗೆ ಸಂಸ್ಥೆಯ ಪ್ರಾರ್ಥನಾ ಮಂದಿರದ ಕಟ್ಟಡ ಇನ್ನೂ ಅಪೂರ್ಣವಾಗಿತ್ತು. ಆ ವರ್ಷದ ಮೇ ತಿಂಗಳಿನಲ್ಲಿ ಹ್ಯಾಂಡೆಲ್‌ರವರು ಆಡಳಿತ ಸಮಿತಿಯ ಮುಂದೆ ತಾವಾಗಿಯೇ ಒಂದು ಪ್ರಸ್ತಾವನೆಯನ್ನು ಇಟ್ಟರು. ತಾವು ಸಂಗೀತ ಕಾರ್ಯಕ್ರಮ ನಡೆಸಿಕೊಡುವುದಾಗಿಯೂ ಅದರಿಂದ ಬರುವ ಹಣವನ್ನು ಮಂದಿರದ ಪೂರ್ಣತೆಗೆ ಬಳಸಬಹುದೆಂಬುದಾಗಿಯೂ ತಿಳಿಸಿದರು. ಮೇ 27ರಂದು ನಡೆದ ಕಾರ್ಯಕ್ರಮಕ್ಕೆ ಯುವರಾಜ ದಂಪತಿಗಳು ಹಾಜರಿದ್ದರು. ಸಂಸ್ಥೆಗಾಗಿಯೇ ಸಂಯೋಜಿಸಿದ ಒಂದು ಸ್ತೋತ್ರಗೀತೆಯನ್ನೂ ಅಂದು ಹಾಡಲಾಯಿತು. ಟಿಕೆಟಿನ ದರ ಅರ್ಧ ಗಿನಿ, ಅಂದರೆ ಹತ್ತೂವರೆ ಷಿಲ್ಲಿಂಗ್. ಇದು ಆ ಕಾಲದ ಕೂಲಿಕಾರನೊಬ್ಬನ ಸುಮಾರು ಒಂದು ವಾರದ ದುಡಿಮೆಗೆ ಸಮನಾಗಿತ್ತು.

ಮುಂದಿನ ವರ್ಷ ಮಂದಿರಕ್ಕೆ ಆರ್ಗನ್ ವಾದ್ಯವೊಂದನ್ನು ದಾನವಾಗಿ ನೀಡಿ, 1750ರ ಮೇ 1ರಂದು ಅಲ್ಲಿ ‘ಮೆಸ್ಸಾಯ’ವನ್ನು ಪ್ರದರ್ಶಿಸಿದರು. ಮಂದಿರ ಭರ್ತಿಯಾಗಿ ಟಿಕೆಟ್ ಇದ್ದವರೂ ಒಳಗೆ ಬರಲಾಗದೆ ಹಿಂತಿರುಗಬೇಕಾಯಿತು. ಅವರಿಗಾಗಿ ಮೇ 15ರಂದು ಮತ್ತೊಮ್ಮೆ ಪ್ರದರ್ಶನ ಏರ್ಪಡಿಸಲಾಯಿತು. ಅದೇ ವರ್ಷ ಹ್ಯಾಂಡೆಲ್‌ರವರು ಸಂಸ್ಥೆಯ ಆಡಳಿತ ಮಂಡಳಿಗೆ ಸದಸ್ಯರಾಗಿ ಆಯ್ಕೆಯಾದರು. ಅಂದಿನಿಂದ ವರ್ಷಕ್ಕೊಮ್ಮೆಯಾದರೂ ‘ಮೆಸ್ಸಾಯ’ ಪ್ರದರ್ಶನ ನಡೆಯುವುದು ವಾಡಿಕೆಯಾಯಿತು. ಹ್ಯಾಂಡೆಲ್‌ರವರ ಜೀವಿತಕಾಲದ ಪ್ರದರ್ಶನಗಳಿಂದಲೇ ಸಂಸ್ಥೆಗೆ ಸುಮಾರು 7,000 ಪೌಂಡುಗಳು ಬಂದವು. ಅವರ ವಾರ್ಷಿಕ ವೇತನ 600 ಪೌಂಡುಗಳಾಗಿತ್ತೆಂಬುದನ್ನು ಗಮನಿಸಿದಲ್ಲಿ, ಈ ಮೊತ್ತವು 11 ವರ್ಷಗಳ ವೇತನವನ್ನು ಮೀರುತ್ತದೆ.

ಸದರಿ ಪ್ರದರ್ಶನಗಳ ಲೆಕ್ಕಪತ್ರಗಳಲ್ಲಿ 1754ನೇ ವರ್ಷದ ವಿವರಗಳು ಇಂದಿಗೂ ಲಭ್ಯವಿವೆ. ಅದರಲ್ಲಿ ಗಾಯಕರಿಗೆ ಮತ್ತು ವಾದ್ಯಗಾರರಿಗೆ ಸಂದಾಯವಾದ ಮೊತ್ತಗಳನ್ನು ಹೆಸರುವಾರು ನಮೂದಿಸಲಾಗಿದೆ. ದಿನಗೂಲಿಯನ್ನೇ ನಂಬಿದ ವಾದ್ಯಗಾರರಿಗೆ ಅವರ ಸಂಭಾವನೆಯನ್ನು ನೀಡಲಾಗುತ್ತಿತ್ತು. ಹ್ಯಾಂಡೆಲ್‌ರವರು ಮಾತ್ರ ತಮ್ಮ ಸೇವೆಯನ್ನು ಉಚಿತವಾಗಿ ಸಲ್ಲಿಸುತ್ತಿದ್ದರು. ತಾವು ದಾನ ಮಾಡಬೇಕೆಂದು ಬಡ ವಾದ್ಯಗಾರರ ಕೂಲಿಯನ್ನು ಕಡಿತಗೊಳಿಸುವ ಕ್ರಮ ಅಲ್ಲಿರಲಿಲ್ಲ. ಈ ದಾಖಲೆಯಿಂದಲೇ ಆ ಕಾಲದ ವಾದ್ಯವೃಂದದ ಗಾತ್ರ ಮತ್ತು ಸ್ವರೂಪವನ್ನು ಇಂದಿನ ಸಂಗೀತಜ್ಞರು ತಿಳಿಯುತ್ತಾರೆ.

ಹಕ್ಕಿನ ಪ್ರಶ್ನೆ (1754)

1754ರಲ್ಲಿ ಒಂದು ಭಿನ್ನಾಭಿಪ್ರಾಯ ಉಂಟಾಯಿತು. ‘ಮೆಸ್ಸಾಯ’ದಿಂದ ಬರುವ ಆದಾಯವು ಸಂಸ್ಥೆಗೆ ಆಧಾರವಾಗಿದ್ದುದರಿಂದ, ಆ ಕೃತಿಯನ್ನು ಪ್ರದರ್ಶಿಸುವ ಹಕ್ಕು ಹ್ಯಾಂಡೆಲ್‌ರವರನ್ನು ಹೊರತುಪಡಿಸಿ ತಮ್ಮ ಸಂಸ್ಥೆಗೆ ಮಾತ್ರ ಇರತಕ್ಕದ್ದೆಂದು ಸಂಸತ್ತಿನಿಂದ ಶಾಸನ ಪಡೆಯಲು ಆಡಳಿತ ಮಂಡಳಿಯು ಅರ್ಜಿಯ ಕರಡನ್ನು ಸಿದ್ಧಪಡಿಸಿತು. ಹ್ಯಾಂಡೆಲ್‌ರವರು ಇದಕ್ಕೆ ಒಪ್ಪಲಿಲ್ಲ. ಅವರು ತೀವ್ರವಾಗಿ ಅಸಮಾಧಾನಗೊಂಡರೆಂದು ತಿಳಿದುಬರುತ್ತದೆ. ಅರ್ಜಿಯನ್ನು ಕೈಬಿಡಲಾಯಿತು.

ಈ ಪ್ರಸಂಗವನ್ನು ಸರಿಯಾಗಿ ಅರ್ಥೈಸಿಕೊಳ್ಳಬೇಕಾಗಿದೆ. ಅವರು ಸಂಸ್ಥೆಗೆ ನೀಡಿದುದು ಕೃತಿಯ ಪ್ರದರ್ಶನದ ಫಲವನ್ನು; ಕೃತಿಯ ಒಡೆತನವನ್ನಲ್ಲ. ವರ್ಷವರ್ಷವೂ ಸ್ವಇಚ್ಛೆಯಿಂದ ಬಂದು ನೀಡುವುದು ದಾನ. ಬಾರದಿದ್ದರೂ ಸಲ್ಲಬೇಕೆಂದು ಶಾಸನದ ಮೂಲಕ ಕಟ್ಟುಮಾಡಿದಲ್ಲಿ ಅದು ತೆರಿಗೆಯ ಸ್ವರೂಪ ಪಡೆಯುತ್ತದೆ. ಅಲ್ಲದೆ ಬೇರೆ ಊರುಗಳ ಆಸ್ಪತ್ರೆಗಳು ಹಾಗೂ ಧರ್ಮಸಂಸ್ಥೆಗಳು ಅದೇ ಕೃತಿಯಿಂದ ಹಣ ಸಂಗ್ರಹಿಸುವ ಮಾರ್ಗವೂ ಮುಚ್ಚುತ್ತಿತ್ತು. ವಿಶೇಷವೆಂದರೆ, ಈ ಮನಸ್ತಾಪದ ನಂತರವೂ ಅವರು ಪ್ರದರ್ಶನಗಳನ್ನು ನಿಲ್ಲಿಸಲಿಲ್ಲ.

ಅಂಧತ್ವ ಮತ್ತು ಅಂತಿಮ ವರ್ಷಗಳು

1751ರ ಫೆಬ್ರವರಿಯಲ್ಲಿ ‘ಜೆಫ್ತಾ’ ಎಂಬ ಕೃತಿಯನ್ನು ರಚಿಸುತ್ತಿದ್ದಾಗ ಹ್ಯಾಂಡೆಲ್‌ರವರ ಎಡಗಣ್ಣಿನ ದೃಷ್ಟಿ ಕ್ಷೀಣಿಸಿ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. 1752ರಲ್ಲಿ ಶಸ್ತ್ರಚಿಕಿತ್ಸೆ ನಡೆದರೂ ಪ್ರಯೋಜನವಾಗದೆ, 1753ರ ಆರಂಭದ ವೇಳೆಗೆ ದೃಷ್ಟಿ ಸಂಪೂರ್ಣವಾಗಿ ನಶಿಸಿತು. ಆದರೂ ಅವರು ಆರ್ಗನ್ ವಾದನವನ್ನು ಬಿಡಲಿಲ್ಲ. ಶಿಷ್ಯ ಜಾನ್ ಕ್ರಿಸ್ಟೊಫರ್ ಸ್ಮಿತ್‌ರವರ ನೆರವಿನಿಂದ ಪ್ರದರ್ಶನಗಳು ಮುಂದುವರಿದವು.

ಇದೇ ವರ್ಷಗಳಲ್ಲಿ ಸಂಸ್ಥೆಯು ತನ್ನ ಅತ್ಯಂತ ಕಠಿಣ ಕಾಲವನ್ನು ಎದುರಿಸಿತು. 1756ರಲ್ಲಿ ಸಂಸತ್ತು 10,000 ಪೌಂಡುಗಳ ಅನುದಾನ ಮಂಜೂರು ಮಾಡಿ, ತಂದ ಎಲ್ಲ ಶಿಶುಗಳನ್ನೂ ಸ್ವೀಕರಿಸಬೇಕೆಂಬ ಷರತ್ತನ್ನು ವಿಧಿಸಿತು. ಚೆಂಡು ಎತ್ತುವ ಪದ್ಧತಿ ನಿಂತಿತು. ಆದರೆ 1760ರಲ್ಲಿ ಈ ವ್ಯವಸ್ಥೆ ರದ್ದಾಗುವವರೆಗಿನ ನಾಲ್ಕು ವರ್ಷಗಳೊಳಗೆ ಸುಮಾರು 15,000 ಶಿಶುಗಳು ಬಂದವು. ಅಷ್ಟು ಶಿಶುಗಳಿಗೆ ಸಾಕಾಗುವಷ್ಟು ಹಾಲೂಡುವ ದಾದಿಯರಾಗಲಿ ಸ್ಥಳವಾಗಲಿ ಇರಲಿಲ್ಲ. ಅವರಲ್ಲಿ ಮೂರನೆಯ ಎರಡು ಭಾಗದಷ್ಟು ಶಿಶುಗಳು ಬದುಕಲಿಲ್ಲ. ಸದುದ್ದೇಶವೊಂದೇ ಸಾಲದು, ಕೆಲಸಕ್ಕೆ ತಕ್ಕ ವ್ಯವಸ್ಥೆಯೂ ಇರಬೇಕೆಂಬುದು ಈ ದುರಂತದಿಂದ ಸ್ಪಷ್ಟವಾಗುತ್ತದೆ.

1759ರ ಏಪ್ರಿಲ್ 6ರಂದು ಕೋವೆಂಟ್ ಗಾರ್ಡನ್‌ನಲ್ಲಿ ನಡೆದ ‘ಮೆಸ್ಸಾಯ’ ಪ್ರದರ್ಶನದಲ್ಲಿ ಹ್ಯಾಂಡೆಲ್‌ರವರು ಹಾಜರಿದ್ದರು. ಅದೇ ಅವರು ಭಾಗವಹಿಸಿದ ಕೊನೆಯ ಕಾರ್ಯಕ್ರಮ. ಏಪ್ರಿಲ್ 14ರಂದು ಬ್ರೂಕ್ ಬೀದಿಯ ಮನೆಯಲ್ಲಿ ತಮ್ಮ 74ನೇ ವಯಸ್ಸಿನಲ್ಲಿ ನಿಧನ ಹೊಂದಿದರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವರ ಅಂತ್ಯಕ್ರಿಯೆ ನಡೆದಾಗ ಸುಮಾರು 3,000 ಜನರು ಸೇರಿದ್ದರು. ಆ ವರ್ಷದ ಫೌಂಡ್ಲಿಂಗ್ ಆಸ್ಪತ್ರೆಯ ಪ್ರದರ್ಶನವು ಅವರ ಮರಣದ ಮೂರು ವಾರಗಳೊಳಗೆ, ಮೇ 3ರಂದು, ನಿಲ್ಲದೆ ನಡೆಯಿತು.

ಮರಣಶಾಸನ

ಹ್ಯಾಂಡೆಲ್‌ರವರು 1750ರಲ್ಲಿ ಮರಣಶಾಸನವನ್ನು ಬರೆದು, ಅನಂತರ ನಾಲ್ಕು ಬಾರಿ ಪೂರಕ ಅಂಶಗಳನ್ನು ಸೇರಿಸಿದರು. ಅವುಗಳಲ್ಲಿ ಇಲ್ಲಿ ಪ್ರಸ್ತುತವಾದವು ಈ ಕೆಳಕಂಡಂತಿವೆ:

• 1757ರ ಪೂರಕದಂತೆ ‘ಮೆಸ್ಸಾಯ’ದ ಶುದ್ಧಪ್ರತಿ ಮತ್ತು ಗಾಯಕ ಹಾಗೂ ವಾದ್ಯಗಾರರ ಎಲ್ಲ ಸ್ವರಲಿಪಿ ಪ್ರತಿಗಳನ್ನು ಫೌಂಡ್ಲಿಂಗ್ ಆಸ್ಪತ್ರೆಗೆ ನೀಡಲಾಯಿತು.
• ಮರಣಕ್ಕೆ ಮೂರು ದಿನಗಳ ಮುಂಚೆ, 1759ರ ಏಪ್ರಿಲ್ 11ರಂದು ಸೇರಿಸಿದ ಪೂರಕದಂತೆ ಸಂಗೀತಗಾರರ ನೆರವಿನ ನಿಧಿಗೆ 1,000 ಪೌಂಡುಗಳನ್ನು ನೀಡಲಾಯಿತು.

ಶಾಸನದ ಮೂಲಕ ಹಕ್ಕು ಪಡೆಯಲು ಹೊರಟಾಗ ನಿರಾಕರಿಸಿದವರು, ತಾವು ಇಲ್ಲವಾದ ನಂತರ ಸಂಸ್ಥೆಯು ಪ್ರದರ್ಶನಗಳನ್ನು ನಡೆಸಲು ಬೇಕಾದ ಸಾಮಗ್ರಿಯನ್ನು ತಾವಾಗಿಯೇ ಒದಗಿಸಿದರು. ಇದರಿಂದ 1777ರವರೆಗೆ ವಾರ್ಷಿಕ ಪ್ರದರ್ಶನಗಳು ಮುಂದುವರಿದವು.

ಮೌಲ್ಯಮಾಪನ

ಹ್ಯಾಂಡೆಲ್‌ರವರ ಹಣಕಾಸಿನ ದಾಖಲೆಗಳ ಇತ್ತೀಚಿನ ಅಧ್ಯಯನಗಳಿಂದ ಮತ್ತೊಂದು ಸಂಗತಿಯೂ ಹೊರಬಂದಿದೆ. ಅವರು ತಮ್ಮ ಗಳಿಕೆಯ ಸ್ವಲ್ಪ ಭಾಗವನ್ನು ಸೌತ್ ಸೀ ಕಂಪನಿ ಹಾಗೂ ರಾಯಲ್ ಆಫ್ರಿಕನ್ ಕಂಪನಿಗಳ ಷೇರುಗಳಲ್ಲಿ ತೊಡಗಿಸಿದ್ದರು. ಈ ಎರಡೂ ಕಂಪನಿಗಳು ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಮಾರುವ ವ್ಯಾಪಾರದಲ್ಲಿ ತೊಡಗಿದ್ದವು. ಸಾಲಗಾರರ ಬಂಧನ ಬಿಡಿಸಿದ ವ್ಯಕ್ತಿಯ ಹಣವು ಬೇರೊಂದು ಕಡೆ ಬಂಧನದ ವ್ಯಾಪಾರಕ್ಕೆ ಸೇರಿತ್ತು. ಒಂದು ಒಳ್ಳೆಯ ಕಾರ್ಯವು ಮತ್ತೊಂದು ಲೋಪವನ್ನು ಅಳಿಸುವುದಿಲ್ಲ. ಲೋಪವಿದ್ದ ಮಾತ್ರಕ್ಕೆ ಒಳ್ಳೆಯ ಕಾರ್ಯವು ಇಲ್ಲವಾಗುವುದೂ ಇಲ್ಲ. ಜೀವನಚರಿತ್ರೆಯಲ್ಲಿ ಎರಡನ್ನೂ ನಮೂದಿಸುವುದು ಯುಕ್ತವಾಗಿದೆ.

ಅವರ ದಾನದ ಕ್ರಮದಲ್ಲಿ ಮೂರು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಹಣವು ಯಾವ ಉದ್ದೇಶಕ್ಕೆ ಹೋಗುವುದೆಂಬುದನ್ನು ಮುಂಚಿತವಾಗಿ ಪ್ರಕಟಿಸಲಾಗುತ್ತಿತ್ತು. ಎರಡನೆಯದಾಗಿ, ಜಮಾ ಖರ್ಚಿನ ಲೆಕ್ಕವನ್ನು ಸಂಸ್ಥೆಯೇ ಇಡುತ್ತಿತ್ತು. ಮೂರನೆಯದಾಗಿ, ಅದು ಒಂದು ಬಾರಿಯ ಕೊಡುಗೆಯಾಗಿರದೆ ಪ್ರತಿ ವರ್ಷ ಬರುವ ಆದಾಯವಾಗಿತ್ತು. ಮಕ್ಕಳ ಊಟ ಮತ್ತು ಬಟ್ಟೆಯ ಖರ್ಚು ಪ್ರತಿ ವರ್ಷವೂ ಇರುವುದರಿಂದ ಮೂರನೆಯ ಅಂಶವೇ ಸಂಸ್ಥೆಗೆ ಹೆಚ್ಚು ಉಪಯುಕ್ತವಾಯಿತು.

ಇಂದಿನ ಸ್ಥಿತಿ

ಫೌಂಡ್ಲಿಂಗ್ ಆಸ್ಪತ್ರೆಯು 1926ರಲ್ಲಿ ಲಂಡನ್ನಿನ ಮೂಲ ಸ್ಥಳದಿಂದ ಸ್ಥಳಾಂತರಗೊಂಡಿತು ಮತ್ತು ಹಳೆಯ ಕಟ್ಟಡವನ್ನು ಕೆಡವಲಾಯಿತು. ಅದರ ಕಾರ್ಯವನ್ನು ಕೋರಂರವರ ಹೆಸರಿನ ಮಕ್ಕಳ ಸೇವಾ ಸಂಸ್ಥೆಯು ಮುಂದುವರಿಸಿದೆ. 2004ರಲ್ಲಿ ತೆರೆದ ಫೌಂಡ್ಲಿಂಗ್ ವಸ್ತುಸಂಗ್ರಹಾಲಯದಲ್ಲಿ ತಾಯಂದಿರು ಬಿಟ್ಟುಹೋದ ಗುರುತುಗಳು, ದಾನವಾಗಿ ಬಂದ ಚಿತ್ರಗಳು ಹಾಗೂ ಹ್ಯಾಂಡೆಲ್‌ರವರಿಗೆ ಸಂಬಂಧಿಸಿದ ದಾಖಲೆಗಳನ್ನು ಕಾಣಬಹುದು. ಸಂಗೀತಗಾರರ ನಿಧಿಯು ಬ್ರಿಟನ್ನಿನ ಸಂಗೀತಗಾರರ ರಾಯಲ್ ಸೊಸೈಟಿಯಾಗಿ ಮುಂದುವರಿದಿದೆ.

ನಾಗರಿಕರ ಗಮನಕ್ಕೆ

ಚೆಂಡು ಎತ್ತಿ ಮಗುವಿನ ಭವಿಷ್ಯವನ್ನು ನಿರ್ಧರಿಸುವ ಕಾಲ ಮುಗಿದಿದೆ. ನಮ್ಮ ದೇಶದಲ್ಲಿ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ ಅನ್ವಯ ತ್ಯಜಿಸಲ್ಪಟ್ಟ ಮಗುವು ಕಂಡುಬಂದಲ್ಲಿ 24 ಗಂಟೆಗಳ ಒಳಗಾಗಿ ಮಕ್ಕಳ ಸಹಾಯವಾಣಿ 1098, ಸಮೀಪದ ಪೊಲೀಸ್ ಠಾಣೆ, ಮಕ್ಕಳ ಕಲ್ಯಾಣ ಸಮಿತಿ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸತಕ್ಕದ್ದು. ಮಗುವನ್ನು ಪಾಲಿಸಲು ಸಾಧ್ಯವಾಗದ ತಂದೆ ತಾಯಿಯರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದಾಗಿದ್ದು, ತಮ್ಮ ನಿರ್ಧಾರವನ್ನು ಮರುಪರಿಶೀಲಿಸಲು ಅವರಿಗೆ ಎರಡು ತಿಂಗಳ ಕಾಲಾವಕಾಶವಿರುತ್ತದೆ. ದೊರೆತ ಮಗುವನ್ನು ಯಾರೂ ನೇರವಾಗಿ ತಮ್ಮಲ್ಲಿಯೇ ಇರಿಸಿಕೊಳ್ಳುವಂತಿಲ್ಲ.

ಪ್ರಮುಖ ದಿನಾಂಕಗಳು

1685 ಫೆಬ್ರವರಿ 23 – ಹಾಲೆಯಲ್ಲಿ ಜನನ
1711 – ಲಂಡನ್ನಿನಲ್ಲಿ ‘ರಿನಾಲ್ಡೊ’ ಪ್ರದರ್ಶನ
1727 – ಬ್ರಿಟಿಷ್ ಪೌರತ್ವ
1738 – ಸಂಗೀತಗಾರರ ನೆರವಿನ ನಿಧಿ ಸ್ಥಾಪನೆ
1742 ಏಪ್ರಿಲ್ 13 – ಡಬ್ಲಿನ್ನಿನಲ್ಲಿ ‘ಮೆಸ್ಸಾಯ’ದ ಮೊದಲ ಪ್ರದರ್ಶನ
1749 ಮೇ 27 – ಫೌಂಡ್ಲಿಂಗ್ ಆಸ್ಪತ್ರೆಯಲ್ಲಿ ಮೊದಲ ಸಹಾಯಾರ್ಥ ಕಾರ್ಯಕ್ರಮ
1750 ಮೇ 1 – ಅಲ್ಲಿ ‘ಮೆಸ್ಸಾಯ’ದ ಮೊದಲ ಪ್ರದರ್ಶನ
1759 ಏಪ್ರಿಲ್ 14 – ಲಂಡನ್ನಿನಲ್ಲಿ ನಿಧನ